ಕಂಪ್ಯೂಟರ್ ಲೆಕ್ಕ ನಂಬಿ ಕೊಟ್ಟ ತೀರ್ಪನ್ನು ರದ್ದು ಮಾಡಿಸುವುದು ಹೇಗೆ: ಬ್ರಿಟನ್ನಿನ ಪೋಸ್ಟ್ ಆಫೀಸ್ ಪ್ರಕರಣದವರಿಗೆ ಮಾರ್ಗದರ್ಶಿ

ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮವರು ಆಗ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡುಬಿಟ್ಟಿದ್ದರು. ಇನ್ನು ಏನೂ ಮಾಡೋಕಾಗಲ್ಲ ಅಲ್ವಾ?"

ಆಗುತ್ತದೆ. ತಪ್ಪೊಪ್ಪಿಕೊಂಡವರ ತೀರ್ಪು ರದ್ದಾಗಿದೆ. ಜೈಲಿಗೆ ಹೋಗಿ ಬಂದವರದ್ದೂ ಆಗಿದೆ, ತೀರಿಕೊಂಡವರದ್ದೂ ಆಗಿದೆ. ಅದನ್ನು ಮಾಡಿಸುವ ದಾರಿಯನ್ನು ಇಲ್ಲಿ ಒಂದೊಂದೇ ಹಂತವಾಗಿ ಬರೆದಿದ್ದೇನೆ. ಬ್ರಿಟನ್ನಿನಲ್ಲೇ ಇರುವವರು, ಅಲ್ಲಿದ್ದು ಊರಿಗೆ ವಾಪಸ್ ಬಂದವರು, ಅವರ ಮಕ್ಕಳು, ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ಇದು ವಕೀಲರ ಸಲಹೆಗೆ ಬದಲಿ ಅಲ್ಲ. ಆದರೆ ವಕೀಲರ ಮುಂದೆ ಕೂರುವ ಮೊದಲು ಇಷ್ಟು ಗೊತ್ತಿದ್ದರೆ ನಿಮ್ಮ ಸಮಯ ಉಳಿಯುತ್ತದೆ, ಧೈರ್ಯವೂ ಬರುತ್ತದೆ.

ನಡೆದದ್ದೇನು?

ಬ್ರಿಟನ್ನಿನಲ್ಲಿ ಸಬ್ ಪೋಸ್ಟ್ ಮಾಸ್ಟರ್ ಅಂದರೆ ನಮ್ಮಲ್ಲಿಯ ಹಾಗೆ ಸರ್ಕಾರಿ ನೌಕರರಲ್ಲ. ಒಂದು ಅಂಗಡಿ ಇಟ್ಟುಕೊಂಡು, ಅದರೊಳಗೇ ಪೋಸ್ಟ್ ಆಫೀಸ್ ಕೌಂಟರನ್ನು ಗುತ್ತಿಗೆ ಮೇಲೆ ನಡೆಸುವವರು. ಭಾರತದಿಂದ ಹೋಗಿ ನೆಲೆಸಿದ ಎಷ್ಟೋ ಕುಟುಂಬಗಳು ಉಳಿತಾಯವನ್ನೆಲ್ಲ ಹಾಕಿ ಇಂಥ ಅಂಗಡಿ ಕೊಂಡಿದ್ದವು. ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೆ ತುಂಬಿಕೊಡುವುದು ಅವರ ಹೊಣೆ ಅಂತ ಪೋಸ್ಟ್ ಆಫೀಸ್ ಹೇಳುತ್ತಿತ್ತು.

1999ರಿಂದ ಈ ಕೌಂಟರ್‌ಗಳಿಗೆ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಅದನ್ನು ನಡೆಸಿದ್ದು ಫುಜಿತ್ಸು ಕಂಪನಿ. ಅದರ ಲೆಕ್ಕದಲ್ಲಿ ದೋಷಗಳಿದ್ದವು. ಇಲ್ಲದ ಕೊರತೆ ತೋರಿಸುತ್ತಿತ್ತು. ಹ್ಯಾಂಪ್‌ಶೈರ್‌ನ ಸೌತ್ ವಾರ್ನ್‌ಬರೋ ಹಳ್ಳಿಯಲ್ಲಿ ಜೋ ಹ್ಯಾಮಿಲ್ಟನ್ ಅವರಿಗೆ 2,000 ಪೌಂಡ್ ಕಡಿಮೆ ಬಿತ್ತು. ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೇ ಒತ್ತಿದರು. ಕಣ್ಣೆದುರೇ ಆ ಕೊರತೆ 4,000 ಪೌಂಡ್ ಆಯಿತು.

ಇಂಥ ಅಂಕಿಗಳನ್ನು ನಂಬಿ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕ ಅಂತ ಶಿಕ್ಷೆಯಾಯಿತು. ಹೆಚ್ಚಿನ ಕೇಸುಗಳನ್ನು ಹಾಕಿದ್ದು ಪೊಲೀಸರೂ ಅಲ್ಲ, ಸರ್ಕಾರಿ ವಕೀಲರೂ ಅಲ್ಲ. ಪೋಸ್ಟ್ ಆಫೀಸೇ ದೂರು ಕೊಟ್ಟು, ತಾನೇ ತನಿಖೆ ಮಾಡಿ, ತಾನೇ ಕೋರ್ಟಿಗೆ ಎಳೆಯಿತು.

ಇನ್ನು ಆ ತಪ್ಪೊಪ್ಪಿಗೆಯ ವಿಷಯ. ವಾರದ ಅಥವಾ ತಿಂಗಳ ಲೆಕ್ಕ ಮುಚ್ಚುವ ಸಂಜೆಯನ್ನು ಯೋಚಿಸಿ. ಡ್ರಾಯರಿನಲ್ಲಿರುವ ನೋಟು ಎಣಿಸುತ್ತೀರಿ. ಪರದೆ ಬೇರೆ ಅಂಕಿ ಹೇಳುತ್ತದೆ. ಲೆಕ್ಕ ತಾಳೆಯಾಗಿದೆ ಅಂತ ಒಪ್ಪದೆ ಮುಂದಿನ ಅವಧಿ ತೆರೆಯುವುದಿಲ್ಲ, ಅಂದರೆ ಬೆಳಿಗ್ಗೆ ಕೌಂಟರ್ ನಡೆಸುವ ಹಾಗಿಲ್ಲ. ಕೊರತೆ ಇದೆ ಅಂದರೆ ಕೈಯಿಂದ ಕಟ್ಟಬೇಕು. ಕಟ್ಟಲು ಹಣವಿಲ್ಲದೆ 'ಸರಿ ಇದೆ' ಅಂತ ಒತ್ತಿದರೆ ಅದೇ ಸುಳ್ಳು ಲೆಕ್ಕದ ಅಪರಾಧ. ಅತ್ತ ದರಿ, ಇತ್ತ ಪುಲಿ. ಆಮೇಲೆ ಕೋರ್ಟಿನಲ್ಲಿ, ಸುಳ್ಳು ಲೆಕ್ಕ ಒಪ್ಪಿಕೊಂಡರೆ ಕಳ್ಳತನದ ಆರೋಪ ಬಿಡುತ್ತೇವೆ ಅಂದಾಗ, ಜೈಲಿಗೆ ಹೆದರಿ ಎಷ್ಟೋ ಜನ ಒಪ್ಪಿಕೊಂಡರು. ಮೇಲ್ಮನವಿ ನ್ಯಾಯಾಲಯಕ್ಕೆ ಇದೆಲ್ಲ ಈಗ ಚೆನ್ನಾಗಿ ಗೊತ್ತಿದೆ. ಆದ್ದರಿಂದ 'ಒಪ್ಪಿಕೊಂಡಿದ್ದೀವಲ್ಲ' ಎಂಬ ಸಂಕೋಚವನ್ನು ಇಲ್ಲೇ ಬಿಟ್ಟು ಮುಂದೆ ಓದಿ.

ಹಂತ 1: ಐದು ವಿವರ ಬರೆದಿಟ್ಟುಕೊಳ್ಳಿ

ಒಂದು ಹಾಳೆ ತಗೊಂಡು ಇವಿಷ್ಟನ್ನು ಬರೆಯಿರಿ.

ಎಲ್ಲಿ ಶಿಕ್ಷೆಯಾಯಿತು: ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಅಥವಾ ಸ್ಕಾಟ್ಲೆಂಡ್. ಸ್ಕಾಟ್ಲೆಂಡಿನ ಕಾನೂನು, ಕೋರ್ಟು ಎರಡೂ ಬೇರೆ.

ಯಾವ ಕೋರ್ಟು: ಮ್ಯಾಜಿಸ್ಟ್ರೇಟ್ ಕೋರ್ಟೋ, ಕ್ರೌನ್ ಕೋರ್ಟೋ. ಕ್ರೌನ್ ಕೋರ್ಟ್ ಅಂದರೆ ದೊಡ್ಡ ಅಪರಾಧಗಳನ್ನು ನ್ಯಾಯಾಧೀಶರು ಜ್ಯೂರಿ ಮುಂದೆ ವಿಚಾರಣೆ ಮಾಡುವ ಕೋರ್ಟು.

ಕೇಸು ಹಾಕಿದವರು ಯಾರು: ಪೋಸ್ಟ್ ಆಫೀಸ್, ಸಿಪಿಎಸ್ (ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಅಭಿಯೋಜಕರ ಇಲಾಖೆ), ಅಥವಾ ಪಿಂಚಣಿ ಮತ್ತು ಭತ್ಯೆ ನೋಡಿಕೊಳ್ಳುವ ಇಲಾಖೆ.

ಯಾವ ಆರೋಪ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ. ಇಲ್ಲಿ ಬೇಕಾದ್ದು ಶಿಕ್ಷೆಯಾದ ದಿನ ಅಲ್ಲ, ಅಪರಾಧ ನಡೆಯಿತು ಅಂತ ಅವರು ಹೇಳಿದ ದಿನ.

ಕೊನೆಯದು, ಈ ಹಿಂದೆ ಯಾವತ್ತಾದರೂ ಮೇಲ್ಮನವಿ ಹಾಕಿದ್ದಿರಾ, ಅದು ಏನಾಯಿತು.

ನೆನಪಿನಿಂದ ಬರೆಯುವಾಗ ಹೆಚ್ಚು ತಪ್ಪಾಗುವುದು ಮೂರನೆಯದರಲ್ಲಿ. ನಿಮ್ಮನ್ನು ಕೂರಿಸಿ ಪ್ರಶ್ನೆ ಕೇಳಿದವರು ಪೋಸ್ಟ್ ಆಫೀಸಿನವರೇ ಆಗಿದ್ದರೂ ಕೇಸು ಹಾಕಿದವರು ಬೇರೆ ಆಗಿರಬಹುದು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 'ಮೆಮೊರಾಂಡಮ್ ಆಫ್ ಕನ್ವಿಕ್ಷನ್', ಕ್ರೌನ್ ಕೋರ್ಟಿನಲ್ಲಿ 'ಸರ್ಟಿಫಿಕೇಟ್ ಆಫ್ ಕನ್ವಿಕ್ಷನ್' ಅಂತ ಒಂದು ಕಾಗದ ಕೊಡುತ್ತಾರೆ. ನೀವು ಯಾವ ಅಪರಾಧಕ್ಕೆ, ಯಾವ ದಿನ ದೋಷಿ ಎಂದಾಯಿತು ಅಂತ ಅದರಲ್ಲಿರುತ್ತದೆ. ಇಮೇಲ್ ಅಥವಾ ಪತ್ರದಲ್ಲಿ ಕೇಳಿ ತರಿಸಿಕೊಳ್ಳಿ.

ಹಂತ 2: ನಿಮ್ಮ ತೀರ್ಪು ಈಗಾಗಲೇ ರದ್ದಾಗಿದೆಯಾ ನೋಡಿ

ಇದನ್ನು ನೋಡದೆ ಯಾವ ವಕೀಲರಿಗೂ ಒಂದು ಪೌಂಡ್ ಕೊಡಬೇಡಿ. 2024ರ ಮೇ 24ರಂದು ಬ್ರಿಟನ್ನಿನ ಸಂಸತ್ತು ಪೋಸ್ಟ್ ಆಫೀಸ್ (ಹೊರೈಜನ್ ಸಿಸ್ಟಮ್) ಅಪರಾಧಗಳ ಕಾಯ್ದೆಯನ್ನು ಜಾರಿಗೆ ತಂದಿತು. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಷರತ್ತುಗಳಿಗೆ ಹೊಂದುವ ಎಲ್ಲ ತೀರ್ಪುಗಳೂ ಆ ದಿನವೇ, ಯಾರೂ ಅರ್ಜಿ ಹಾಕದೆ, ತಾವಾಗಿಯೇ ರದ್ದಾದವು. ಕೋರ್ಟಿನ ತೀರ್ಪುಗಳನ್ನು ಸಂಸತ್ತು ಹೀಗೆ ಒಟ್ಟಿಗೆ ಅಳಿಸಿಹಾಕುವುದು ಸಣ್ಣ ವಿಷಯವಲ್ಲ. ಒಂದೊಂದೇ ಕೇಸು ನೋಡುತ್ತಾ ಕೂತರೆ ಎಷ್ಟೋ ಜನ ನ್ಯಾಯ ನೋಡುವ ಮೊದಲೇ ಕಣ್ಣು ಮುಚ್ಚುತ್ತಾರೆ ಎಂಬ ಕಾರಣಕ್ಕೇ ಈ ದಾರಿ ಹಿಡಿದರು. ಸ್ಕಾಟ್ಲೆಂಡಿನ ಸಂಸತ್ತು ಅದೇ ವರ್ಷ ಜೂನ್‌ನಲ್ಲಿ ತನ್ನದೇ ಕಾಯ್ದೆ ತಂದಿತು.

ಷರತ್ತುಗಳು ಇವು. ಅಪರಾಧ ನಡೆಯಿತು ಎನ್ನಲಾದ ದಿನ 1996ರ ಸೆಪ್ಟೆಂಬರ್ 23 ಮತ್ತು 2018ರ ಡಿಸೆಂಬರ್ 31ರ ನಡುವೆ ಇರಬೇಕು. ಆರೋಪ ಕಳ್ಳತನ, ವಂಚನೆ, ಸುಳ್ಳು ಲೆಕ್ಕ, ಕದ್ದ ಮಾಲು ಇಟ್ಟುಕೊಂಡದ್ದು, ಅಕ್ರಮ ಹಣದ ವ್ಯವಹಾರ, ಅಥವಾ ಇವಕ್ಕೆ ಅಂಟಿಕೊಂಡ ಅಪರಾಧ ಆಗಿರಬೇಕು. ಆಗ ನೀವು ಪೋಸ್ಟ್ ಆಫೀಸ್ ನಡೆಸುತ್ತಿರಬೇಕು ಅಥವಾ ಅಲ್ಲಿ ಕೆಲಸ ಮಾಡುತ್ತಿರಬೇಕು. ಕೌಂಟರಿನಲ್ಲಿ ಕೂರುತ್ತಿದ್ದ ಸಹಾಯಕರು, ಮನೆಯವರೂ ಇದರಲ್ಲಿ ಬರುತ್ತಾರೆ. ಆರೋಪ ಆ ಕೆಲಸಕ್ಕೇ ಸಂಬಂಧಿಸಿರಬೇಕು. ಆ ದಿನಗಳಲ್ಲಿ ಅಲ್ಲಿ ಹೊರೈಜನ್ ಬಳಕೆಯಲ್ಲಿರಬೇಕು. ಕೇಸು ಹಾಕಿದವರು ಪೋಸ್ಟ್ ಆಫೀಸ್ ಅಥವಾ ಸಿಪಿಎಸ್ ಆಗಿರಬೇಕು. ಉತ್ತರ ಐರ್ಲೆಂಡಿನಲ್ಲಾದರೆ ಅಲ್ಲಿಯ ಅಭಿಯೋಜಕರು ಅಥವಾ ಪೊಲೀಸರು.

ಇಲ್ಲಿ ಒಂದು ಮಾತು ಗಮನಿಸಿ. ಹೊರೈಜನ್ ತಪ್ಪು ಲೆಕ್ಕ ಕೊಟ್ಟಿತು ಅಂತ ನೀವು ಸಾಬೀತು ಮಾಡಬೇಕಿಲ್ಲ. ಅದು ಅಲ್ಲಿ ಬಳಕೆಯಲ್ಲಿತ್ತು ಅಂದರೆ ಸಾಕು. ತಪ್ಪೊಪ್ಪಿಕೊಂಡದ್ದೂ ಅಡ್ಡಿಯಲ್ಲ.

ಎಚ್ಚರಿಕೆ: ಸರ್ಕಾರ ಪತ್ರ ಬರೆದು ತಿಳಿಸುತ್ತದೆ, ನಿಜ. ಆದರೆ ಪತ್ರ ಹೋಗುವುದು ಅವರ ಹತ್ತಿರ ಇರುವ ವಿಳಾಸಕ್ಕೆ. ಮನೆ ಮಾರಿದವರು, ಅಂಗಡಿ ಮುಚ್ಚಿ ಬೇರೆ ಊರಿಗೆ ಹೋದವರು, ಭಾರತಕ್ಕೆ ವಾಪಸ್ ಬಂದವರು, ಮದುವೆಯಾಗಿ ಹೆಸರು ಬದಲಾದವರು, ಇವರಿಗೆಲ್ಲ ಪತ್ರ ಸೇರದೇ ಇರಬಹುದು. ಪತ್ರ ಬಂದಿಲ್ಲ ಅಂದರೆ ರದ್ದಾಗಿಲ್ಲ ಅಂತ ಅರ್ಥ ಅಲ್ಲ. ಹಂತ 1ರ ಹಾಳೆ ಜೊತೆಗಿಟ್ಟು ಬ್ರಿಟನ್ನಿನ ನ್ಯಾಯ ಸಚಿವಾಲಯಕ್ಕೆ ನೀವೇ ಬರೆದು ಕೇಳಿ. ಸ್ಕಾಟ್ಲೆಂಡಿನವರು ಸ್ಕಾಟಿಷ್ ಸರ್ಕಾರಕ್ಕೆ, ಉತ್ತರ ಐರ್ಲೆಂಡಿನವರು ಅಲ್ಲಿಯ ನ್ಯಾಯ ಇಲಾಖೆಗೆ ಬರೆಯಬೇಕು. ಕೋರ್ಟಿಗೆ ಹೋಗದೆ ಬರೀ ಪೊಲೀಸ್ 'ಕಾಶನ್' (ತಪ್ಪು ಒಪ್ಪಿಸಿ ಕೊಡುವ ಎಚ್ಚರಿಕೆ) ಪಡೆದವರಿದ್ದರೆ ಅವರ ದಾಖಲೆ ಅಳಿಸುವುದಕ್ಕೂ ಈ ಕಾಯ್ದೆಯಲ್ಲಿ ಜಾಗ ಇದೆ.

ಷರತ್ತು ಎಲ್ಲ ಹೊಂದಿದರೆ ಸೀದಾ ಹಂತ 6ಕ್ಕೆ ಹೋಗಿ. ಉಳಿದವರು ಮುಂದೆ ಓದಿ. ಮುಖ್ಯವಾಗಿ ಮೂರು ಗುಂಪಿನವರು ಈ ಕಾಯ್ದೆಯ ಹೊರಗೆ ಉಳಿದಿದ್ದಾರೆ: ಪಿಂಚಣಿ ಇಲಾಖೆ ಕೇಸು ಹಾಕಿದವರು, ಮೇಲ್ಮನವಿ ನ್ಯಾಯಾಲಯ ಈಗಾಗಲೇ ಒಮ್ಮೆ ಕೇಳಿ ತಳ್ಳಿಹಾಕಿದವರು, ಮತ್ತು ಹೊರೈಜನ್ ಬರುವ ಮೊದಲು 'ಕ್ಯಾಪ್ಚರ್' ಎಂಬ ಸಾಫ್ಟ್‌ವೇರ್ ಬಳಸಿ ಸಿಕ್ಕಿಬಿದ್ದವರು.

ಕ್ಯಾಪ್ಚರ್ 1990ರ ದಶಕದಲ್ಲಿ ಕೆಲವು ಶಾಖೆಗಳಲ್ಲಿ ಲೆಕ್ಕಕ್ಕೆ ಬಳಸುತ್ತಿದ್ದ ತಂತ್ರಾಂಶ. ಅದರಿಂದಲೂ ಇಲ್ಲದ ಕೊರತೆ ಕಾಣಿಸಿಕೊಂಡಿರುವ ಸಾಧ್ಯತೆ ಇದೆ ಅಂತ ಸರ್ಕಾರ ನೇಮಿಸಿದ ಕ್ರೋಲ್ ಸಂಸ್ಥೆ 2024ರಲ್ಲಿ ವರದಿ ಕೊಟ್ಟಿತು. ನಿಮ್ಮ ಕೇಸು 2000ಕ್ಕಿಂತ ಹಳೆಯದು, ಅಂಗಡಿಯಲ್ಲಿ ಪೋಸ್ಟ್ ಆಫೀಸ್ ಲೆಕ್ಕಕ್ಕೆ ಒಂದು ಪಿಸಿ ಇತ್ತು ಅಂತ ನೆನಪಿದ್ದರೆ ಇದನ್ನು ಸುಮ್ನೆ ಬಿಡಬೇಡಿ.

ಹಂತ 3: ಕಾಗದ ಸೇರಿಸಿ

ಅಟ್ಟದ ಮೇಲಿನ ಪೆಟ್ಟಿಗೆ, ಹಳೆಯ ಸೂಟ್‌ಕೇಸು, ಊರಿನ ಮನೆಗೆ ಕಳಿಸಿದ ಸಾಮಾನು, ಎಲ್ಲ ಹುಡುಕಿ. ಬೇಕಾದವು ಇವು: ಸಮನ್ಸ್ ಅಥವಾ ಆರೋಪಪಟ್ಟಿ, ನಿಮ್ಮನ್ನು ವಿಚಾರಣೆ ಮಾಡಿದಾಗಿನ ಲಿಖಿತ ಪ್ರತಿ ಅಥವಾ ಕ್ಯಾಸೆಟ್, ಆಡಿಟ್ ದಿನದ ಕಾಗದ, ಹೊರೈಜನ್‌ನಿಂದ ತೆಗೆದ ಉದ್ದುದ್ದದ ಪ್ರಿಂಟು, ಕೈಯಿಂದ ತುಂಬಿದ ಹಣಕ್ಕೆ ಬ್ಯಾಂಕ್ ಪಾಸ್‌ಬುಕ್ಕು, ಮನೆ ಅಡವಿಟ್ಟ ಪತ್ರ, ಸಹಾಯವಾಣಿಗೆ ಫೋನ್ ಮಾಡಿದ ಬಿಲ್ಲು. ಒಂದು ಚೀಟಿ ಮೇಲೆ ಆಗ ಗೀಚಿಟ್ಟ ದಿನಾಂಕ ಮತ್ತು ಅಂಕಿ ಕೂಡ ಈಗ ಸಾಕ್ಷಿ.

ಸಿಗದೇ ಇದ್ದದ್ದನ್ನು ಬೇರೆಯವರಿಂದ ಕೇಳಿ ಪಡೆಯಬಹುದು. 'ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್' ಎಂಬ ಹಕ್ಕು ಬ್ರಿಟನ್ನಿನಲ್ಲಿದೆ. ನಿಮ್ಮ ಬಗ್ಗೆ ಒಂದು ಸಂಸ್ಥೆಯ ಹತ್ತಿರ ಇರುವ ಮಾಹಿತಿಯನ್ನು ಕೊಡಿ ಅಂತ ಕೇಳುವ ಅರ್ಜಿ ಅದು. ಶುಲ್ಕ ಇಲ್ಲ. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು, ಜಟಿಲವಾಗಿದ್ದರೆ ಇನ್ನೂ ಎರಡು ತಿಂಗಳು ತಗೊಳ್ಳಬಹುದು. ಪೋಸ್ಟ್ ಆಫೀಸಿಗೆ ಒಂದು, ಸಿಪಿಎಸ್‌ಗೆ ಒಂದು, ಪೊಲೀಸರಿಗೆ ಒಂದು ಅಂತ ಬೇರೆಬೇರೆ ಕಳಿಸಿ. ನಿಮ್ಮ ಹೆಸರು, ಶಾಖೆಯ ಹೆಸರು, ಶಾಖೆಯ ಸಂಖ್ಯೆ (ಅಲ್ಲಿಯವರು ಅದನ್ನು ಫ್ಯಾಡ್ ಕೋಡ್ ಅನ್ನುತ್ತಾರೆ), ವರ್ಷಗಳು, ಇಷ್ಟನ್ನೂ ಬರೆಯಿರಿ. 'ನನ್ನ ಎಲ್ಲ ಮಾಹಿತಿ' ಅಂತಷ್ಟೇ ಬರೆದರೆ ಉದ್ಯೋಗದ ನಾಲ್ಕು ಹಾಳೆ ಕಳಿಸಿ ಕೈತೊಳೆದುಕೊಳ್ಳುವ ಸಾಧ್ಯತೆ ಜಾಸ್ತಿ. ತನಿಖಾ ಕಡತ, ಅಭಿಯೋಜನೆಯ ಕಡತ, ಸಹಾಯವಾಣಿ ಕರೆಗಳ ದಾಖಲೆ, ಆಡಿಟ್ ವರದಿ ಅಂತ ಹೆಸರು ಹಿಡಿದು ಕೇಳಿ.

ಆಗಿನ ವಕೀಲರನ್ನೂ ಕೇಳಿ. ಹಳೆಯ ಕಡತ ನಾಶ ಮಾಡಿದ್ದೇವೆ ಅಂದರೆ ಅದನ್ನೇ ಬರಹದಲ್ಲಿ ಕೊಡಲು ಹೇಳಿ, ಆ ಪತ್ರವೂ ಮುಂದೆ ಬೇಕಾಗುತ್ತದೆ.

ಕಾಗದ ಏನೂ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಮುಂದೆ ಹೇಳುವ ಆಯೋಗಕ್ಕೆ ಸಾರ್ವಜನಿಕ ಸಂಸ್ಥೆಗಳಿಂದ ದಾಖಲೆ ತರಿಸಿಕೊಳ್ಳುವ ಅಧಿಕಾರ ಕಾನೂನಿನಲ್ಲೇ ಇದೆ. ನಿಮಗೆ 'ಇಲ್ಲ' ಅಂದವರು ಅವರಿಗೆ ಹಾಗೆ ಅನ್ನುವಂತಿಲ್ಲ.

ಹಂತ 4: ನಿಮ್ಮ ಕೇಸು ಎಷ್ಟು ಕಂಪ್ಯೂಟರ್ ಮೇಲೆ ನಿಂತಿತ್ತು ಅಂತ ತೋರಿಸಿ

ಕೇಸು ಗೆಲ್ಲುವುದೂ ಸೋಲುವುದೂ ಇಲ್ಲೇ. ಹಾಗಾಗಿ ಇದಕ್ಕೆ ಜಾಸ್ತಿ ಸಮಯ ಕೊಡಿ.

2021ರ ಏಪ್ರಿಲ್ 23ರಂದು ಲಂಡನ್ನಿನ ಮೇಲ್ಮನವಿ ನ್ಯಾಯಾಲಯ 42 ಜನರ ಮನವಿ ಮೇಲೆ ತೀರ್ಪು ಕೊಟ್ಟಿತು. 39 ಜನ ಗೆದ್ದರು, ಮೂವರು ಸೋತರು. ವ್ಯತ್ಯಾಸ ಇಷ್ಟೇ: ಗೆದ್ದವರ ಕೇಸುಗಳಲ್ಲಿ ಹೊರೈಜನ್ ಅಂಕಿಗಳು ನಂಬಿಕೆಗೆ ಅರ್ಹವೋ ಅಲ್ಲವೋ ಎನ್ನುವುದೇ ಮುಖ್ಯ ಪ್ರಶ್ನೆಯಾಗಿತ್ತು. ಹಣ ನಿಜಕ್ಕೂ ಹೋಗಿದೆ ಅಂತ ತೋರಿಸುವ ಬೇರೆ ಸಾಕ್ಷಿ ಇರಲಿಲ್ಲ. ಸೋತ ಮೂವರ ಕೇಸುಗಳಲ್ಲಿ ಹೊರೈಜನ್ ಅಷ್ಟು ಮುಖ್ಯವಾಗಿರಲಿಲ್ಲ ಅಂತ ಕೋರ್ಟು ಹೇಳಿತು.

ಅಂದರೆ 'ಕಂಪ್ಯೂಟರ್ ಸರಿ ಇರಲಿಲ್ಲ' ಎಂದು ಬರೆದರೆ ಸಾಲದು. 'ಆ ಕಂಪ್ಯೂಟರ್ ಅಂಕಿ ತೆಗೆದುಬಿಟ್ಟರೆ ನನ್ನ ಮೇಲೆ ಏನೂ ಉಳಿಯುವುದಿಲ್ಲ' ಎಂದು ತೋರಿಸಬೇಕು. ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆಯಿರಿ.

ಹಣ ಹೋಗಿದೆ ಅಂತ ಅವರು ಯಾವುದರಿಂದ ತೋರಿಸಿದರು? ನಿಮ್ಮ ಬ್ಯಾಂಕ್ ಖಾತೆಯಲ್ಲಿ ಆ ಹಣ ಸಿಕ್ಕಿತಾ? ಗ್ರಾಹಕರು ಯಾರಾದರೂ ದೂರು ಕೊಟ್ಟಿದ್ದರಾ? ಕೊರತೆ ಬಂದಾಗ ನೀವು ಯಾರಿಗೆ ಹೇಳಿದಿರಿ, ಅವರು ಏನೆಂದರು? ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ ಅಂತ ಹೇಳಿದ್ದರಾ? ಎಷ್ಟೋ ಜನರಿಗೆ ಹಾಗೆ ಹೇಳಿದ್ದರು, ಅದು ಸುಳ್ಳಾಗಿತ್ತು. ಫುಜಿತ್ಸು ಹತ್ತಿರ ಇದ್ದ ಮೂಲ ದಾಖಲೆ ಕೊಡಿ ಅಂತ ನೀವು ಅಥವಾ ನಿಮ್ಮ ವಕೀಲರು ಕೇಳಿದ್ದರಾ, ಕೊಟ್ಟರಾ? ಪ್ರತಿ ಗುಂಡಿ ಒತ್ತಿದ ಜಾಡು ಇರುವ ಆ ದಾಖಲೆಯನ್ನು 'ಎಆರ್‌ಕ್ಯು ಡೇಟಾ' ಅನ್ನುತ್ತಾರೆ. ಆ ಹೆಸರನ್ನೇ ಬಳಸಿ.

ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಪೋಸ್ಟ್ ಆಫೀಸ್ ನಡೆಸುತ್ತಿದ್ದ ಭಾರತ ಮೂಲದ ಸೀಮಾ ಮಿಶ್ರಾ ಅವರ ಕಡೆಯವರು ವಿಚಾರಣೆಗೆ ಮೊದಲೇ ಇಂಥ ದಾಖಲೆ ಮತ್ತೆ ಮತ್ತೆ ಕೇಳಿದ್ದರು. ಬೇಕಾದಷ್ಟು ಸಿಗಲಿಲ್ಲ. 2010ರ ನವೆಂಬರಿನಲ್ಲಿ, ಮಗನ ಹತ್ತನೇ ಹುಟ್ಟುಹಬ್ಬದ ದಿನ, ಗರ್ಭಿಣಿಯಾಗಿದ್ದ ಅವರಿಗೆ 15 ತಿಂಗಳ ಜೈಲಾಯಿತು. 2021ರಲ್ಲಿ ಗೆದ್ದ 39 ಜನರಲ್ಲಿ ಅವರೂ ಒಬ್ಬರು. ಕೇಳಿದ್ದನ್ನು ಕೊಡದೇ ಇದ್ದದ್ದೇ ಮುಂದೆ ಅವರ ಬಲವಾಯಿತು. ನಿಮ್ಮ ಕೇಸಿನಲ್ಲೂ ಹೀಗೆ ಆಗಿದ್ದರೆ ಅದನ್ನು ಮೊದಲ ಪುಟದಲ್ಲೇ ಬರೆಯಿರಿ.

ಇನ್ನು ಕೋರ್ಟುಗಳೇ ಒಪ್ಪಿರುವ ಸಂಗತಿಗಳು ನಿಮ್ಮ ಬೆನ್ನಿಗಿವೆ. 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಜರ್ ಅವರು, ಮಾಜಿ ಸಬ್ ಪೋಸ್ಟ್ ಮಾಸ್ಟರ್ ಅಲನ್ ಬೇಟ್ಸ್ ಮುಂದಾಳತ್ವದಲ್ಲಿ 555 ಜನ ಹೂಡಿದ್ದ ದಾವೆಯಲ್ಲಿ ಹೊರೈಜನ್‌ನ ದೋಷಗಳನ್ನು ಪಟ್ಟಿ ಮಾಡಿದ್ದಾರೆ. ಮೊದಲ ಹೊರೈಜನ್ ಭರವಸೆಗೆ ತಕ್ಕದ್ದಾಗಿರಲಿಲ್ಲ, 2010ರಲ್ಲಿ ಬಂದ ಆನ್‌ಲೈನ್ ಹೊರೈಜನ್‌ನಲ್ಲೂ ದೊಡ್ಡ ದೋಷಗಳಿದ್ದವು, ಶಾಖೆಯವರಿಗೆ ಗೊತ್ತಾಗದ ಹಾಗೆ ಫುಜಿತ್ಸು ದೂರದಿಂದಲೇ ಲೆಕ್ಕಕ್ಕೆ ಕೈ ಹಾಕಬಹುದಿತ್ತು ಎಂದೆಲ್ಲ ಅದರಲ್ಲಿದೆ. ಒಂದು ದೋಷಕ್ಕೆ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಊರಿನ ಹೆಸರೇ ಇದೆ. ಅಲ್ಲಿ 8,000 ಪೌಂಡ್ ನಗದು ಬಂದದ್ದನ್ನು ದಾಖಲಿಸುವಾಗ ಪರದೆ ಅಲುಗಲಿಲ್ಲ. ಎಂಟರ್ ಮತ್ತೆ ಮತ್ತೆ ಒತ್ತಿದರು. ಒತ್ತಿದಾಗಲೆಲ್ಲ ಇನ್ನೊಂದು 8,000 ಸೇರಿ, ಕೊನೆಗೆ ಇಲ್ಲದ 24,000 ಪೌಂಡ್ ಕೊರತೆಯಾಗಿ ನಿಂತಿತು. ನಿಮಗೂ ಪರದೆ ನಿಂತುಹೋದದ್ದು, ವಿದ್ಯುತ್ ಹೋದದ್ದು, ಫೋನ್ ಲೈನ್ ಕಡಿದದ್ದು ನೆನಪಿದ್ದರೆ ದಿನಾಂಕದ ಸಮೇತ ಬರೆಯಿರಿ. ದಿನಾಂಕ ಖಚಿತವಿಲ್ಲದಿದ್ದರೆ 'ದೀಪಾವಳಿ ಆದ ವಾರ' ಅಂತಾದರೂ ಬರೆಯಿರಿ. ಊಹಿಸಿ ತಾರೀಖು ಹಾಕಬೇಡಿ, ಅದು ಒಂದು ತಪ್ಪಾದರೆ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ.

2013ರ ಜುಲೈನಲ್ಲಿ ಪೋಸ್ಟ್ ಆಫೀಸಿನ ಕಡೆಯ ವಕೀಲರೇ ಒಂದು ಲಿಖಿತ ಸಲಹೆ ಕೊಟ್ಟಿದ್ದರು. ಫುಜಿತ್ಸುವಿನಿಂದ ಬಂದು ಸಾಕ್ಷಿ ಹೇಳುತ್ತಿದ್ದ ಪರಿಣತರು ತಮಗೆ ಗೊತ್ತಿದ್ದ ದೋಷಗಳನ್ನು ಕೋರ್ಟಿಗೆ ಹೇಳಿರಲಿಲ್ಲ ಎಂಬುದು ಅದರ ಸಾರ. ಇದನ್ನು 'ಕ್ಲಾರ್ಕ್ ಅಡ್ವೈಸ್' ಅನ್ನುತ್ತಾರೆ. ಶಿಕ್ಷೆಯಾದವರ ಕೈಗೆ ಇದು ಸಿಕ್ಕಿದ್ದು 2020ರಲ್ಲಿ. ಏಳು ವರ್ಷ! ನಿಮ್ಮ ಕೇಸಿನಲ್ಲಿ ಫುಜಿತ್ಸು ಸಾಕ್ಷಿಯಿದ್ದರೆ ಇದನ್ನು ಹೆಸರಿಸಿ.

ಎರಡು ತಪ್ಪು ಮಾಡಬೇಡಿ. ಒಂದು, ಕೋಪದಲ್ಲಿ ಎಲ್ಲರನ್ನೂ ಎಳೆದು 40 ಪುಟ ಬರೆಯುವುದು. ನಾಲ್ಕು ಪುಟ ಸಾಕು, ಉಳಿದದ್ದು ಲಗತ್ತಿಸಿ. ಇನ್ನೊಂದು, ಹಳೆಯ ವಕೀಲರು ಸರಿಯಾಗಿ ವಾದಿಸಲಿಲ್ಲ ಎಂಬುದನ್ನೇ ಮುಖ್ಯ ಮಾಡುವುದು. ಹಾಗೆ ಬರೆದರೆ ಆಗ ಅವರ ಜೊತೆ ಆಡಿದ ಗುಟ್ಟಿನ ಮಾತನ್ನೆಲ್ಲ ಬಿಚ್ಚಿಡಲು ನೀವು ಒಪ್ಪಬೇಕಾಗುತ್ತದೆ. ಬೇರೆ ಬಲವಾದ ಕಾರಣ ಇರುವಾಗ ಅದು ಬೇಡ.

ಹಂತ 5: ಅರ್ಜಿ ಹಾಕಿ

ದಾರಿ ಎರಡು. ಕ್ರೌನ್ ಕೋರ್ಟಿನಲ್ಲಿ ಶಿಕ್ಷೆಯಾಗಿ, ಈ ಮೊದಲು ಮೇಲ್ಮನವಿ ಹಾಕಿಲ್ಲದಿದ್ದರೆ ಮೇಲ್ಮನವಿ ನ್ಯಾಯಾಲಯಕ್ಕೆ ನೇರವಾಗಿ ಅನುಮತಿ ಕೇಳಬಹುದು. ಅದರ ಅರ್ಜಿಗೆ 'ಫಾರ್ಮ್ ಎನ್‌ಜಿ' ಅಂತ ಹೆಸರು. ಗಡುವು 28 ದಿನ. ಅದು ಯಾವಾಗಲೋ ಮುಗಿದಿರುತ್ತದೆ, ಹೆದರಬೇಡಿ. ಗಡುವು ವಿಸ್ತರಿಸಿ ಅಂತ ಅದೇ ಅರ್ಜಿಯಲ್ಲಿ ಕೇಳಬೇಕು ಮತ್ತು ತಡ ಏಕಾಯಿತು ಅಂತ ಹೇಳಬೇಕು. 'ಆಗ ಈ ಮಾಹಿತಿಯನ್ನು ನಮಗೆ ಕೊಟ್ಟಿರಲಿಲ್ಲ' ಎನ್ನುವುದು ಸರಿಯಾದ ಕಾರಣ.

ಎರಡನೆಯದು ಸಿಸಿಆರ್‌ಸಿ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಸ್ವತಂತ್ರ ಆಯೋಗ, ತಪ್ಪು ತೀರ್ಪುಗಳನ್ನು ಮತ್ತೆ ಪರಿಶೀಲಿಸುವುದಕ್ಕೆಂದೇ 1997ರಲ್ಲಿ ಶುರುವಾದದ್ದು. ಒಮ್ಮೆ ಮೇಲ್ಮನವಿ ಸೋತವರು ಇಲ್ಲಿಗೆ ಬರಬೇಕು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡವರಿಗೂ ಸಾಮಾನ್ಯವಾಗಿ ಇದೇ ದಾರಿ, ಏಕೆಂದರೆ ಅವರಿಗೆ ತೀರ್ಪಿನ ಮೇಲೆ ಮಾಮೂಲಿ ಮೇಲ್ಮನವಿ ಇಲ್ಲ. ಕ್ಯಾಪ್ಚರ್ ಪ್ರಕರಣಗಳನ್ನು ನೋಡುತ್ತಿರುವುದೂ ಇದೇ ಆಯೋಗ. ಸ್ಕಾಟ್ಲೆಂಡಿಗೆ ಗ್ಲಾಸ್ಗೋದಲ್ಲಿ ಬೇರೆ ಆಯೋಗ ಇದೆ.

ಆಯೋಗದ ಅರ್ಜಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಭಾರತದಿಂದಲೂ ಕಳಿಸಬಹುದು. ಅರ್ಜಿ ಹಾಕಿದ್ದಕ್ಕೆ ಶಿಕ್ಷೆ ಹೆಚ್ಚಾಗುವುದಿಲ್ಲ. ಆಯೋಗ ತಾನೇ ತೀರ್ಪು ರದ್ದು ಮಾಡುವುದಿಲ್ಲ. ತೀರ್ಪು ಉಳಿಯದೇ ಇರುವ 'ನಿಜವಾದ ಸಾಧ್ಯತೆ' ಕಂಡರೆ ಕೋರ್ಟಿಗೆ ಕಳಿಸುತ್ತದೆ, ಕಳಿಸಿದ ಮೇಲೆ ಕೋರ್ಟು ಕೇಳಲೇಬೇಕು. ಹೊಸ ಸಾಕ್ಷಿ ಅಥವಾ ಹೊಸ ವಾದ ಬೇಕು ಎನ್ನುವುದು ಇಲ್ಲಿಯ ನಿಯಮ. ಅದಕ್ಕೇ ಹಂತ 4ರ ಉತ್ತರಗಳನ್ನು ಅಷ್ಟು ಒತ್ತಿ ಹೇಳಿದ್ದು.

ಶಿಕ್ಷೆಯಾದವರು ತೀರಿಕೊಂಡಿದ್ದರೆ ಗಂಡ, ಹೆಂಡತಿ, ಮಕ್ಕಳು ಅರ್ಜಿ ಹಾಕಬಹುದು. ಮರಣ ಪತ್ರ ಮತ್ತು ನಿಮ್ಮ ಸಂಬಂಧ ತೋರಿಸುವ ದಾಖಲೆ ಇಡಿ. ನಮ್ಮ ಕಡೆಯ ಪತ್ರಗಳಲ್ಲಿ ಹೆಸರು ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ: ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಊರ ಹೆಸರು, ಮತ್ತೊಂದರಲ್ಲಿ ತಂದೆ ಹೆಸರು. ಎಲ್ಲ ಒಬ್ಬರೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ ಮೊದಲೇ ಜೊತೆಗಿಡಿ. ಕನ್ನಡದ ಪತ್ರಕ್ಕೆ ಇಂಗ್ಲಿಷ್ ಅನುವಾದವೂ ಇರಲಿ.

ಕೋರ್ಟಿನಲ್ಲಿ 'ಅಬ್ಯೂಸ್ ಆಫ್ ಪ್ರೊಸೆಸ್' ಎಂಬ ಮಾತು ಕೇಳುತ್ತೀರಿ. ಕಾನೂನಿನ ದಾರಿಯನ್ನೇ ದುರುಪಯೋಗ ಮಾಡಿಕೊಂಡರು ಅಂತ ಅರ್ಥ. ಅದರಲ್ಲಿ ಎರಡು ಮಟ್ಟ: ನ್ಯಾಯವಾದ ವಿಚಾರಣೆ ಸಾಧ್ಯವೇ ಇರಲಿಲ್ಲ ಎನ್ನುವುದು ಒಂದು, ಇಂಥವರ ಮೇಲೆ ಕೇಸು ಹಾಕಿದ್ದೇ ಜನರ ಆತ್ಮಸಾಕ್ಷಿಗೆ ಅವಮಾನ ಎನ್ನುವುದು ಇನ್ನೊಂದು. 2021ರಲ್ಲಿ ಗೆದ್ದ 39 ಜನರ ವಿಷಯದಲ್ಲಿ ಕೋರ್ಟು ಎರಡನ್ನೂ ಒಪ್ಪಿತು. ಎದುರು ಪಕ್ಷ ಮೊದಲನೆಯದನ್ನು ಮಾತ್ರ ಒಪ್ಪುತ್ತೇವೆ ಅಂದರೆ ಅಲ್ಲಿಗೇ ಬಿಡಬೇಕಿಲ್ಲ. ಎರಡನೆಯದೂ ಬೇಕಾ ಅಂತ ನಿಮ್ಮ ವಕೀಲರ ಜೊತೆ ಮಾತಾಡಿ. ಎಷ್ಟೋ ಮನೆಗಳಿಗೆ ಆ ಎರಡನೆಯ ಮಾತು ಕೋರ್ಟಿನ ಬಾಯಿಂದ ಬರುವುದೇ ಮುಖ್ಯವಾಗಿತ್ತು.

ಇದೇ ಥರ ಬೇರೆ ಕೇಸು ಇದ್ದರೆ

ಪೋಸ್ಟ್ ಆಫೀಸ್ ಅಲ್ಲ, ಬೇರೆ ಕಂಪ್ಯೂಟರ್ ದಾಖಲೆಯಿಂದ ಶಿಕ್ಷೆಯಾಗಿದೆ ಅನ್ನುವವರೂ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 1984ರ ಒಂದು ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಕಂಪ್ಯೂಟರ್ ಸರಿಯಾಗಿ ನಡೆಯುತ್ತಿತ್ತು ಅಂತ ಕೇಸು ಹಾಕಿದವರೇ ತೋರಿಸಬೇಕಿತ್ತು. 1999ರ ಕಾಯ್ದೆ ಅದನ್ನು ತೆಗೆದುಹಾಕಿತು. ಅಂದಿನಿಂದ ಕಂಪ್ಯೂಟರ್ ಸರಿ ಇದೆ ಎಂದೇ ಕೋರ್ಟು ನಂಬಿ ಹೊರಡುತ್ತದೆ, ಇಲ್ಲ ಅನ್ನುವವರು ಆಧಾರ ತರಬೇಕು. ಯಂತ್ರದ ಒಳಗಿನ ದಾಖಲೆಯೆಲ್ಲ ಎದುರು ಪಕ್ಷದ ಹತ್ತಿರ ಇರುವಾಗ ಸಾಮಾನ್ಯರು ಆಧಾರ ಎಲ್ಲಿಂದ ತರಬೇಕು? ಈ ನಿಯಮ ಬದಲಾಗಲೇಬೇಕು ಅಂತ ನನ್ನ ಗಟ್ಟಿಯಾದ ಅಭಿಪ್ರಾಯ. 2025ರಲ್ಲಿ ಅಲ್ಲಿಯ ಸರ್ಕಾರವೂ ಈ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಇಂಥ ಕೇಸಿನವರಿಗೂ ಹಂತ 3, 4, 5 ಹಾಗೇ ಅನ್ವಯಿಸುತ್ತವೆ, 2024ರ ಕಾಯ್ದೆ ಮಾತ್ರ ಇಲ್ಲ.

ಭಾರತದ ಕೋರ್ಟುಗಳಲ್ಲಿ ನಿಯಮ ಬೇರೆ. ಇಲ್ಲಿ ಕಂಪ್ಯೂಟರ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ಆದರೆ ಆ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಸಾಫ್ಟ್‌ವೇರ್ ಮಾಡಿದ ಲೆಕ್ಕ ಸರಿ ಅಂತ ಆಗುವುದಿಲ್ಲ. ಸಹಿ ಹಾಕಿದವರನ್ನು ಪಾಟೀಸವಾಲಿನಲ್ಲಿ ಅದನ್ನೇ ಕೇಳಿಸಿ.

ಹಂತ 6: ರದ್ದಾದ ಮೇಲೆ

ರದ್ದಾಯಿತು ಅಂತ ಬರಹದಲ್ಲಿ ತಗೊಳ್ಳಿ. ಪೊಲೀಸ್ ದಾಖಲೆಯಿಂದಲೂ ತೆಗೆದಿದ್ದಾರಾ ಅಂತ ಬೇರೆಯಾಗಿ ಕೇಳಿ.

ಆಮೇಲೆ ಪರಿಹಾರ. 2024ರ ಕಾಯ್ದೆಯಡಿ ರದ್ದಾದವರಿಗೆ 'ಹೊರೈಜನ್ ಕನ್ವಿಕ್ಷನ್ಸ್ ರಿಡ್ರೆಸ್ ಸ್ಕೀಮ್' ಇದೆ. ನಾನು ಆ ಅಪರಾಧ ಮಾಡಿಲ್ಲ ಅಂತ ಒಂದು ಹೇಳಿಕೆಗೆ ಸಹಿ ಹಾಕಬೇಕು. ಅರ್ಹರು ಅಂತಾದರೆ ಮೊದಲು 2,00,000 ಪೌಂಡ್ ಮುಂಗಡ ಬರುತ್ತದೆ. ಬಳಿಕ ಒಟ್ಟು 6,00,000 ಪೌಂಡ್ ತಗೊಂಡು ಮುಗಿಸಬಹುದು, ಅಥವಾ ನಿಮ್ಮ ನಷ್ಟ ಪೂರ್ತಿ ಲೆಕ್ಕ ಹಾಕಿಸಬಹುದು. ಮನೆ ಕಳೆದುಕೊಂಡವರು, ದಿವಾಳಿಯಾದವರು, ಜೈಲಿಗೆ ಹೋದವರು ಆ 6,00,000 ಒಪ್ಪುವ ಮೊದಲು ವಕೀಲರ ಹತ್ತಿರ ಲೆಕ್ಕ ಹಾಕಿಸಿ ನೋಡಿ. ವಕೀಲರ ಶುಲ್ಕವನ್ನು ಯೋಜನೆಯೇ ಕೊಡುತ್ತದೆ. ಆದ್ದರಿಂದ ಬಂದ ಹಣದಲ್ಲಿ ಶೇಕಡಾ ಇಷ್ಟು ನಮಗೆ ಅಂತ ಯಾರಾದರೂ ಕರಾರು ಮುಂದಿಟ್ಟರೆ ಸಹಿ ಹಾಕಬೇಡಿ. ಪರಿಹಾರ ಬೇಗ ಕೊಡಿಸುತ್ತೇವೆ, ಬ್ಯಾಂಕ್ ವಿವರ ಹೇಳಿ ಅಂತ ಬರುವ ಫೋನುಗಳನ್ನು ಕತ್ತರಿಸಿ.

ಭಾರತದಲ್ಲಿ ವಾಸವಾಗಿರುವವರು ಹಣ ತರಿಸುವ ಮೊದಲು ಇಲ್ಲಿಯ ತೆರಿಗೆ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ. ಮತ್ತು ರದ್ದಾದ ಪತ್ರದ ನಾಲ್ಕೈದು ಪ್ರತಿ ಮಾಡಿಸಿ ಇಟ್ಟುಕೊಳ್ಳಿ. ವೀಸಾ, ವಿಮೆ, ಕೆಲಸದ ಅರ್ಜಿಗಳಲ್ಲಿ 'ನಿಮಗೆ ಯಾವತ್ತಾದರೂ ಶಿಕ್ಷೆಯಾಗಿದೆಯೇ' ಎಂಬ ಪ್ರಶ್ನೆ ಬರುತ್ತದೆ. ಇಷ್ಟು ವರ್ಷ ಆ ಜಾಗದಲ್ಲಿ 'ಹೌದು' ಅಂತ ಬರೆಯಬೇಕಾಗಿತ್ತು. ಇನ್ನು 'ಇಲ್ಲ' ಅಂತ ಬರೆದು, ಯಾರಾದರೂ ಕೇಳಿದರೆ ಆ ಪತ್ರ ತೋರಿಸಿ.